ಸ್ಲ್ಯಾಬ್ ಮನೆಯ ಬಾತ್‌ರೂಮ್ ಪೈಪ್ ಬದಲಿಸಲು ಇಡೀ ನೆಲ ಒಡೆಯಲೇಬೇಕಾ?

ಪ್ರಶ್ನೆ: ನಮ್ಮದು ಮಡಿಕೇರಿ ಹತ್ತಿರ, ಇಳಿಜಾರು ಜಾಗದಲ್ಲಿ ಕಟ್ಟಿದ ಎರಡಂತಸ್ತಿನ ಆರ್‌ಸಿಸಿ ಮನೆ. 1990ರ ದಶಕದ್ದು. ಮೇಲಿನ ಬಾತ್‌ರೂಮಿನ ಕೆಳಗೆ ಸೀಲಿಂಗ್ ಒದ್ದೆಯಾಗಿ ಸುಣ್ಣ ಉದುರುತ್ತಿದೆ. ಕೆಳಗಿನ ಬಾತ್‌ರೂಮಿನಲ್ಲಿ ನೀರು ನಿಧಾನವಾಗಿ ಹೋಗುತ್ತದೆ, ವಾಸನೆ ಬೇರೆ. ಹೇಗೂ ಕೆಲಸ ಮಾಡಿಸುತ್ತೇವೆ, ಹಳೇ ಇಂಡಿಯನ್ ಪ್ಯಾನ್ ತೆಗೆದು ಕಮೋಡ್ ಹಾಕಿಸೋಣ, ನಲ್ಲಿಗಳನ್ನೂ ಬದಲಿಸೋಣ ಅಂತ ಇದೆ. ಮೇಸ್ತ್ರಿ ಬಂದು ನೋಡಿ, ಎರಡೂ ಕಡೆ ಪೂರ್ತಿ ನೆಲ ಒಡೆಯಬೇಕು ಅಂದರು. ನಿಜವಾಗಿಯೂ ಅಷ್ಟು ಬೇಕಾ?

ಉತ್ತರ: ಕೆಳಗಿನದಕ್ಕೆ ಬಹುಶಃ ಬೇಡ. ಮೇಲಿನದಕ್ಕೆ ಬಹುಶಃ ಬೇಕು. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಕೆಳಗಡೆ ಪೂರ್ತಿ ಅಗೆದು ಹಾಕುತ್ತಾರೆ, ಮೇಲೆ ಮಾತ್ರ ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ಮೆತ್ತಿ ಸುಮ್ನಾಗುತ್ತಾರೆ. ಮುಂದಿನ ಮಳೆಗಾಲಕ್ಕೆ ಸೀಲಿಂಗ್ ಮತ್ತೆ ಒದ್ದೆ.

ಎರಡೂ ಬಾತ್‌ರೂಮಿನ ನೆಲ ನೋಡಲು ಒಂದೇ ಥರ ಇರುತ್ತದೆ, ಒಳಗಡೆ ಒಂದೇ ಅಲ್ಲ. ಕೆಳಗಿನ ನೆಲ ಸ್ಲ್ಯಾಬೇ ಅಲ್ಲ. ಪಾಯದ ಗೋಡೆಗಳ ನಡುವೆ ಮಣ್ಣು ತುಂಬಿ, ದಮ್ಮಸು ಮಾಡಿ, ಮೇಲೆ ಮೂರು ನಾಲ್ಕು ಇಂಚು ಜಲ್ಲಿ ಕಾಂಕ್ರೀಟ್ ಹಾಕಿರುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಕಬ್ಬಿಣ ಇರುವುದಿಲ್ಲ. ಪೈಪು ಅದರ ಕೆಳಗೆ ಮಣ್ಣಿನಲ್ಲಿ ಮಲಗಿರುತ್ತದೆ. ಮೇಲಿನದು ಮಾತ್ರ ನಿಜವಾದ ಸ್ಲ್ಯಾಬ್. ನಾಲ್ಕೈದು ಇಂಚು ದಪ್ಪ, ಒಳಗೆ ಸರಳು, ಮನೆಯ ಭಾರ ಹೊರುವ ಭಾಗ. ಅಲ್ಲಿ ಟೈಲ್ಸ್ ಒಡೆಯಬಹುದು, ಟೈಲ್ಸ್ ಕೆಳಗೆ ತುಂಬಿದ್ದನ್ನು ತೆಗೆಯಬಹುದು. ಸ್ಲ್ಯಾಬನ್ನು ಒಡೆಯುವಂತಿಲ್ಲ. ಬ್ರೇಕರ್ ಹಿಡಿದು ನಿಂತ ಹುಡುಗನಿಗೆ ಈ ವ್ಯತ್ಯಾಸವನ್ನು ನೀವೇ ಬಾಯಿ ಬಿಟ್ಟು ಹೇಳಬೇಕು, ಯಾಕೆಂದರೆ ಅವನಿಗೆ ಎರಡೂ ಕಾಂಕ್ರೀಟೇ.

ಒಡೆಯುವ ಮೊದಲು ಪತ್ತೆ ಮಾಡಿ

ಮೊದಲ ಪ್ರಶ್ನೆ: ಕೆಳಗಿನ ಬಾತ್‌ರೂಮಿನ ನೀರು ವರ್ಷವಿಡೀ ನಿಧಾನವಾ, ಅಥವಾ ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರವಾ? ಕೊಡಗಿನಲ್ಲಿ ಇದನ್ನು ಕೇಳಲೇಬೇಕು. ಪಟ್ಟಣದ ಆಚೆ ನಮ್ಮ ಮನೆಗಳೆಲ್ಲ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿಯನ್ನೇ ನಂಬಿಕೊಂಡಿವೆ. ಜುಲೈ ತಿಂಗಳಲ್ಲಿ ಎಡೆಬಿಡದೆ ಸುರಿಯುವಾಗ ನೆಲವೇ ನೀರು ಕುಡಿದು ತುಂಬಿರುತ್ತದೆ. ಗುಂಡಿಯ ನೀರು ಇಂಗಲು ಜಾಗವೇ ಇರುವುದಿಲ್ಲ. ಹಾಗಾದಾಗ ಪೈಪಿನಲ್ಲಿ ಯಾವ ದೋಷ ಇಲ್ಲದಿದ್ದರೂ ಬಾತ್‌ರೂಮಿನಲ್ಲಿ ನೀರು ನಿಲ್ಲುತ್ತದೆ. ಡಿಸೆಂಬರಿಗೆ ತಾನಾಗಿಯೇ ಸರಿಹೋಗುತ್ತದೆ ಅಂದರೆ ದೋಷ ಗುಂಡಿಯದ್ದು. ಗುಂಡಿ ದೊಡ್ಡದು ಮಾಡಬೇಕು, ಅಥವಾ ಮಳೆನೀರು ಅತ್ತ ಹರಿಯದಂತೆ ಚರಂಡಿ ತಿರುಗಿಸಬೇಕು. ಬಾತ್‌ರೂಮಿನ ನೆಲ ಮುಟ್ಟುವ ಅಗತ್ಯವೇ ಇಲ್ಲ. ಮಾಡಿನ ನೀರಿನ ಪೈಪನ್ನು ಬಾತ್‌ರೂಮಿನ ಪೈಪು ಸೇರುವ ಹೊರಗಿನ ಚೇಂಬರಿಗೇ, ಅಂದರೆ ಮುಚ್ಚಳ ಇರುವ ಸಣ್ಣ ತೊಟ್ಟಿಗೇ, ಬಿಟ್ಟಿರುವ ಮನೆಗಳೂ ಇವೆ. ಅದನ್ನು ಬಿಡಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ವರ್ಷವಿಡೀ ನಿಧಾನ ಅಂದರೆ ಹೊರಗಿನ ಚೇಂಬರಿನ ಮುಚ್ಚಳ ತೆಗೆಸಿ. ಒಬ್ಬರು ಒಳಗಡೆ ಒಂದು ಬಕೆಟ್ ನೀರು ಸುರಿಯಲಿ, ಇನ್ನೊಬ್ಬರು ಚೇಂಬರ್ ನೋಡುತ್ತಾ ನಿಲ್ಲಲಿ. ನೀರು ಒಟ್ಟಿಗೆ ಬಂದು ಬಿದ್ದರೆ ಆ ಪೈಪು ಚೆನ್ನಾಗಿದೆ, ಬಾತ್‌ರೂಮಿನ ಟ್ರ್ಯಾಪಿನಲ್ಲೇ, ಅಂದರೆ ನೀರು ಹೋಗುವ ಬಾಯಿಯ ಕೆಳಗೆ ಸದಾ ನೀರು ನಿಲ್ಲುವ ಬಾಗಿನಲ್ಲೇ, ಕೂದಲು, ಸೋಪು ಕಟ್ಟಿಕೊಂಡಿದೆ. ತೊಟ್ಟು ತೊಟ್ಟಾಗಿ ತುಂಬಾ ಹೊತ್ತು ಬಂದರೆ ನಡುವೆ ಎಲ್ಲೋ ಕಟ್ಟಿದೆ ಅಥವಾ ಪೈಪು ತಗ್ಗಾಗಿದೆ. ಸುರಿದಷ್ಟು ಬರಲೇ ಇಲ್ಲ, ಆದರೆ ಬಾತ್‌ರೂಮಿನಲ್ಲೂ ನಿಂತಿಲ್ಲ ಅಂದರೆ ಪೈಪು ಒಡೆದು ನೀರು ಮಣ್ಣಿಗೆ ಹೋಗುತ್ತಿದೆ. ಇದು ಮೂರರಲ್ಲಿ ಕೆಟ್ಟದ್ದು. ಇಳಿಜಾರಿನಲ್ಲಿರುವ ಮನೆಗೆ ಪಾಯದ ಅಡಿಯಲ್ಲಿ ದಿನವೂ ನೀರು ಹೋಗುವುದು ಎಷ್ಟು ಅಪಾಯ ಅಂತ 2018ರ ಆಗಸ್ಟ್‌ನ ಭೂಕುಸಿತ ನೋಡಿದ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಇದನ್ನು ಮುಂದಿನ ವರ್ಷಕ್ಕೆ ಅಂತ ಇಟ್ಟುಕೊಳ್ಳಬೇಡಿ.

ಮೇಲಿನ ಬಾತ್‌ರೂಮಿಗೆ ಬೇರೆ ಪರೀಕ್ಷೆ. ಸೋರುತ್ತಿರುವುದು ನಲ್ಲಿಗೆ ಬರುವ ನೀರಾ, ಬಚ್ಚಲಿಂದ ಹೋಗುವ ನೀರಾ, ಅಥವಾ ಗೋಡೆಯಿಂದ ಇಳಿಯುವ ಮಳೆನೀರಾ? ರಾತ್ರಿ ಎಲ್ಲ ನಲ್ಲಿ ಮುಚ್ಚಿ, ತಾರಸಿ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಟ್ಯಾಂಕಿಗೆ ನೀರು ಬರುವ ಪೈಪೂ ಬಂದ್ ಇರಬೇಕು. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಗೋಡೆಯೊಳಗಿನ ನೀರಿನ ಪೈಪು ಸೋರುತ್ತಿದೆ. ಇಳಿಯದೇ ಇದ್ದರೆ, ಆ ಬಾತ್‌ರೂಮನ್ನು ನಾಲ್ಕೈದು ದಿನ ಪೂರ್ತಿ ಬಳಸದೆ ಬಿಡಿ. ಸೀಲಿಂಗಿನ ಕಲೆ ಮಸುಕಾಗುತ್ತಾ ಬಂದರೆ ದೋಷ ಹೋಗುವ ಪೈಪಿನಲ್ಲಿ ಅಥವಾ ನೆಲದಲ್ಲಿ. ಟ್ರ್ಯಾಪಿನಲ್ಲಿ ಬಣ್ಣ ಕಲಸಿದ ನೀರು ಸುರಿದು ಕೆಳಗೆ ಅದೇ ಬಣ್ಣ ಕಾಣುತ್ತದಾ ಅಂತಲೂ ನೋಡಬಹುದು. ಬಾತ್‌ರೂಮ್ ಬಳಸದಿದ್ದರೂ ಮಳೆ ಬಂದ ದಿನವೇ ಕಲೆ ಜಾಸ್ತಿ ಆಗುತ್ತದೆ ಅಂದರೆ ಹೊರಗೋಡೆ ನೋಡಿ. ನೈರುತ್ಯದ ಕಡೆಯಿಂದ ಗಾಳಿ ಸಮೇತ ಹೊಡೆಯುವ ಮಳೆಗೆ ಗೋಡೆಯ ಸಣ್ಣ ಬಿರುಕು ಸಾಕು. ಬಾತ್‌ರೂಮಿಗೆ ಹಣ ಸುರಿದ ಮೇಲೆ ತಪ್ಪು ಗೋಡೆಯದ್ದು ಅಂತ ಗೊತ್ತಾದರೆ ಹೇಗಿರುತ್ತದೆ, ಅಲ್ವಾ?

ಕೆಳಗಿನ ಬಾತ್‌ರೂಮ್: ಪೈಪು ತುಂಡಾಗುವ ಜಾಗ

ನಮ್ಮಲ್ಲಿ ಸಮತಟ್ಟಾದ ಸೈಟ್ ಅಪರೂಪ. ಒಂದು ಕಡೆ ಬರೆ, ಅಂದರೆ ಗುಡ್ಡದ ಬದಿ, ಕಡಿಯುತ್ತೇವೆ, ಆ ಮಣ್ಣನ್ನು ಇನ್ನೊಂದು ಕಡೆ ತುಂಬುತ್ತೇವೆ. ಕಡಿದ ಕಡೆ ನೆಲ ಗಟ್ಟಿ. ತುಂಬಿದ ಕಡೆ ಎಷ್ಟೇ ದಮ್ಮಸು ಮಾಡಿದರೂ ಮಳೆಗಾಲ ಕಳೆದಂತೆ ಮಣ್ಣು ಕೂರುತ್ತಾ ಹೋಗುತ್ತದೆ. ಬಾತ್‌ರೂಮು ಸಾಮಾನ್ಯವಾಗಿ ಮನೆಯ ಹಿಂದೆ, ಇಳಿಜಾರಿನ ಕಡೆಗೇ ಇರುತ್ತದೆ, ಯಾಕೆಂದರೆ ಗುಂಡಿ ಆ ಕಡೆ. ಅಂದರೆ ತುಂಬಿದ ಮಣ್ಣಿನ ಮೇಲೆ.

ಈಗ ಪೈಪಿನ ಹಾದಿ ನೋಡಿ. ಬಾತ್‌ರೂಮಿನ ಒಳಗೆ ಅದು ಮಣ್ಣಿನ ಮೇಲೆ ಮಲಗಿದೆ. ಹೊರಗೆ ಹೋಗುವಾಗ ಪಾಯದ ಕಲ್ಲು ಗೋಡೆಯನ್ನು ತೂರಿಕೊಂಡು ಹೋಗುತ್ತದೆ, ಅಲ್ಲಿ ಸುತ್ತ ಸಿಮೆಂಟ್ ಹಾಕಿ ಬಿಗಿ ಮಾಡಿರುತ್ತಾರೆ. ಮಣ್ಣು ಕೂರುತ್ತದೆ, ಗೋಡೆ ಕೂರುವುದಿಲ್ಲ. ಪೈಪಿನ ಒಂದು ತುದಿ ಇಳಿಯುತ್ತದೆ, ಇನ್ನೊಂದು ಅಲ್ಲೇ ನಿಂತಿರುತ್ತದೆ. ಹಳೇ ಸ್ಟೋನ್‌ವೇರ್ ಅಥವಾ ಸಿಮೆಂಟ್ ಪೈಪಾದರೆ ಗೋಡೆಯ ಅಂಚಿಗೆ ಸರಿಯಾಗಿ ಬಿರುಕು ಬಿಡುತ್ತದೆ. ಪಿವಿಸಿ ಆದರೆ ಒಡೆಯದೆ ಬಾಗಿ ತಗ್ಗಾಗುತ್ತದೆ, ಆ ತಗ್ಗಿನಲ್ಲಿ ಕೆಸರು ಕಟ್ಟುತ್ತದೆ. ಅಗೆದು ನೋಡಿದಾಗ ಗೋಡೆಯಿಂದ ಒಂದು ಅಡಿಯೊಳಗೇ ದೋಷ ಸಿಗುವುದು ಮತ್ತೆ ಮತ್ತೆ ಕಾಣುವ ಸಂಗತಿ. ಹಾಗಾಗಿ ಅನುಮಾನ ಇದ್ದರೆ ಒಳಗಿನ ನೆಲಕ್ಕೆ ಕೈ ಹಾಕುವ ಮೊದಲು ಹೊರಗಡೆಯಿಂದ, ಪಾಯದ ಗೋಡೆಯ ಪಕ್ಕ ಎರಡು ಅಡಿ ಅಗೆಸಿ ನೋಡಿ. ಹತ್ತಿರದಲ್ಲಿ ಹಲಸು, ಸಿಲ್ವರ್ ಓಕ್ ಥರದ ಮರ ಇದ್ದರೆ ಹಳೇ ಪೈಪಿನ ಜಾಯಿಂಟಿನಲ್ಲಿ ಬೇರು ನುಗ್ಗಿರಬಹುದು, ಅದೂ ಅಲ್ಲೇ ಕಾಣುತ್ತದೆ.

ಒಳಗಿನ ಪೈಪೇ ಹೋಗಿದೆ ಅಂತ ಖಚಿತವಾದರೂ ಇಡೀ ನೆಲ ಬೇಡ. ಕಮೋಡ್ ಕೂರುವ ಜಾಗದಿಂದ ಹೊರಗೋಡೆಯವರೆಗೆ ಒಂದೂವರೆ ಅಡಿ ಅಗಲದ ಸಾಲು ಸಾಕು. ಕಟಿಂಗ್ ಮೆಷಿನ್‌ನಲ್ಲಿ ಎರಡು ಗೆರೆ ಕೊಯ್ದು ನಡುವಿನದನ್ನು ಮಾತ್ರ ತೆಗೆಸಿದರೆ ಉಳಿದ ನೆಲ ಬಿರಿಯುವುದಿಲ್ಲ. ಅದಕ್ಕಿಂತ ಒಳ್ಳೆಯ ದಾರಿ, ಜಾಗ ಕೂಡಿಬಂದರೆ, ನೆಲ ಮುಟ್ಟದೆ ಗೋಡೆಯಿಂದಲೇ ಹೊರಗೆ ಹೋಗುವುದು. ಹೊರಗೋಡೆಗೆ ಒರಗಿದಂತೆ ಪಿ ಟ್ರ್ಯಾಪ್ ಕಮೋಡ್ ಕೂರಿಸಿದರೆ ಅದರ ಪೈಪು ನೆಲದಿಂದ ಸುಮಾರು ಏಳು ಇಂಚು ಎತ್ತರದಲ್ಲಿ ಗೋಡೆ ತೂರಿ ಹೊರಗಿನ ಪೈಪಿಗೆ ಸೇರುತ್ತದೆ. ಅಗೆತವೆಲ್ಲ ಹೊರಗೇ ಆಗುತ್ತದೆ. ಸ್ನಾನದ ನೀರಿನ ಟ್ರ್ಯಾಪಿಗೆ ಮಾತ್ರ ಒಳಗೆ ಸಣ್ಣ ಗುಂಡಿ ತೋಡಿದರಾಯಿತು. ಹಳೇ ಪೈಪನ್ನು ಮಣ್ಣಿನಲ್ಲೇ ಬಿಡಬಹುದು. ಆದರೆ ಎರಡೂ ತುದಿಗೆ ಕಾಂಕ್ರೀಟ್ ತುಂಬಿ ಮುಚ್ಚಲೇಬೇಕು. ಬಾಯಿ ತೆರೆದ ಹಳೇ ಪೈಪು ಇಲಿ, ಜಿರಳೆ, ಹಾವುಗಳಿಗೆ ಮನೆಯೊಳಗೆ ಬರಲು ದಾರಿ. ತೋಟದ ನಡುವಿನ ಮನೆಯವರು ಇದನ್ನು ಮರೆಯಬಾರದು.

ಹೊಸ ಪೈಪು ಹಾಕುವಾಗ ಹಳೇ ತಪ್ಪು ಮತ್ತೆ ಆಗದಂತೆ ನೋಡಿಕೊಳ್ಳಿ. ಗೋಡೆ ತೂರುವ ಕಡೆ ಒಂದು ಸೈಜು ದೊಡ್ಡ ಪೈಪಿನ ತುಂಡು ಕೂರಿಸಿ, ಅದರೊಳಗಿಂದ ನಿಮ್ಮ ಪೈಪು ಸಡಿಲವಾಗಿ ಹೋಗಲಿ. ಸುತ್ತಲಿನ ಸಂದಿಗೆ ಸಿಮೆಂಟ್ ಬೇಡ, ಮೆತ್ತಗೆ ಉಳಿಯುವ ಸೀಲೆಂಟ್ ತುಂಬಿಸಿ. ಪೈಪಿನ ಕೆಳಗೆ ನಾಲ್ಕು ಇಂಚು ಮರಳು ಹಾಸಿ. ಜಾಯಿಂಟು ಗೋಡೆಯ ಒಳಗೆ ಬರದಿರಲಿ. ವಾಟ (ಪೈಪಿನ ಇಳಿಜಾರು) 40ಕ್ಕೆ 1, ಅಂದರೆ ಹತ್ತು ಅಡಿಗೆ ಮೂರು ಇಂಚು. ಲೆವೆಲ್ ಟ್ಯೂಬಿನಲ್ಲಿ ಅಳೆದೇ ಕೊಡಲಿ, ಕಣ್ಣಂದಾಜು ಬೇಡ.

ಮೇಲಿನ ಬಾತ್‌ರೂಮ್: ಅರ್ಧ ಕೆಲಸ ಇಲ್ಲಿ ನಡೆಯುವುದಿಲ್ಲ

ಮೇಲಿನ ಬಾತ್‌ರೂಮಿನ ಜಾಗದಲ್ಲಿ ಸ್ಲ್ಯಾಬನ್ನು ಒಂದು ಅಡಿಯಷ್ಟು ಕೆಳಗೆ ಹಾಕಿರುತ್ತಾರೆ. ಅದಕ್ಕೆ ಸಂಕನ್ ಅನ್ನುತ್ತಾರೆ. ಅದೊಂದು ಕಾಂಕ್ರೀಟ್ ತೊಟ್ಟಿ ಇದ್ದ ಹಾಗೆ. ಅದರೊಳಗೆ ಪೈಪು ಹಾಯಿಸಿ, ಮೇಲೆ ಇಟ್ಟಿಗೆ ಚೂರು ತುಂಬಿ, ಕಾಂಕ್ರೀಟ್ ಹಾಕಿ, ಟೈಲ್ಸ್ ಹಾಸುತ್ತಾರೆ. ಟೈಲ್ಸ್ ಸಂದಿಯಿಂದಲೋ, ಟ್ರ್ಯಾಪಿನ ಪಕ್ಕದಿಂದಲೋ ಜಿನುಗಿದ ನೀರು ಈ ತೊಟ್ಟಿಯಲ್ಲಿ ನಿಲ್ಲುತ್ತದೆ. ಇಟ್ಟಿಗೆ ಚೂರು ಅದನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಸೀಲಿಂಗಿನಲ್ಲಿ ಕಲೆ ಕಾಣುವ ಹೊತ್ತಿಗೆ ತೊಟ್ಟಿಯಲ್ಲಿ ನೀರು ನಿಂತು ಎಷ್ಟೋ ಕಾಲ ಆಗಿರುತ್ತದೆ. ಮೇಲಿನಿಂದ ಟೈಲ್ಸ್ ಸಂದಿ ಮುಚ್ಚಿದರೆ ಒಳಗೆ ನಿಂತ ನೀರು ಎಲ್ಲಿಗೆ ಹೋಗುತ್ತದೆ? ಕೆಳಗೇ ಬರಬೇಕು. ಅದಕ್ಕೇ ಇಲ್ಲಿ ಮೇಸ್ತ್ರಿ ಹೇಳಿದ್ದು ಸರಿ: ಸಂಕನ್ ಪೂರ್ತಿ ಖಾಲಿ ಮಾಡಬೇಕು.

ಹಳೇ ಮನೆಗಳಲ್ಲಿ ಸಂಕನ್ ಇಲ್ಲದೆ, ಪೈಪು ಸ್ಲ್ಯಾಬಿನ ಕೆಳಗೆ ನೇತಾಡುವುದೂ ಉಂಟು. ಹಾಗಿದ್ದರೆ ನೀವು ಅದೃಷ್ಟವಂತರು. ಕೆಳಗಿನಿಂದಲೇ ಪೈಪು ಬಿಚ್ಚಿ ಬದಲಿಸಬಹುದು.

ಸಂಕನ್ ಖಾಲಿ ಮಾಡುವಾಗ ಮೇಲಿನ ಕಾಂಕ್ರೀಟಿಗೆ ಮಾತ್ರ ಬ್ರೇಕರ್. ಇಟ್ಟಿಗೆ ಚೂರು ಸಿಕ್ಕಿದ ಮೇಲೆ ಕೈಯಿಂದ, ಸಣ್ಣ ಚಾಣ ಸುತ್ತಿಗೆಯಿಂದ ತೆಗೆಯಲಿ. ತಳ ಮುಟ್ಟಿದಾಗ ಗುಡಿಸಿ, ತೊಳೆದು, ಒಣಗಲು ಬಿಡಿ. ಆಮೇಲೆ ಕೆಳಗಿನ ಕೋಣೆಗೆ ಹೋಗಿ ಸೀಲಿಂಗಿಗೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಣ್ ಅಂದರೆ ಗಟ್ಟಿ. ಡಬಡಬ ಅಂದರೆ ಒಳಗೆ ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ತಳ್ಳಿದೆ. ಹಾಗೆ ಕೇಳಿದ ಕಡೆ ಸಡಿಲವಾದದ್ದನ್ನು ತೆಗೆಸಿ, ಸರಳಿನ ತುಕ್ಕು ಉಜ್ಜಿಸಿ, ತುಕ್ಕು ತಡೆಯುವ ಕೋಟ್ ಕೊಡಿಸಿ, ರಿಪೇರಿ ಗಾರೆ ತುಂಬಿಸಬೇಕು. ಸರಳು ತೆಳ್ಳಗಾಗಿ ಹೋಗಿದ್ದರೆ ಮೇಸ್ತ್ರಿಯ ಮಾತು ಸಾಲದು, ಸಿವಿಲ್ ಇಂಜಿನಿಯರ್ ಒಬ್ಬರು ಬಂದು ನೋಡಲೇಬೇಕು. ಮೇಲೆ ಹೊಸ ಟೈಲ್ಸ್ ಹಾಕಿ ಕೆಳಗೆ ಪೈಂಟ್ ಬಳಿದು ಮುಚ್ಚುವುದು ಆ ಕೋಣೆಯಲ್ಲಿ ಮಲಗುವವರ ಜೀವದ ಜೊತೆ ಆಟ.

ಪೈಪಿಗೆ ಹೊಸ ತೂತು ಬೇಕಾದರೆ ಕೋರ್ ಕಟಿಂಗ್ ಮೆಷಿನ್ ತರಿಸಿ. ಅದು ದುಂಡಗೆ ನಯವಾಗಿ ಕೊರೆಯುತ್ತದೆ, ಸುತ್ತ ಬಿರುಕು ಬಿಡುವುದಿಲ್ಲ. ಸುತ್ತಿಗೆಯಲ್ಲಿ ಬಡಿದರೆ ನಾಲ್ಕು ಇಂಚಿನ ತೂತಿಗೆ ಒಂದು ಅಡಿ ಕಾಂಕ್ರೀಟ್ ಅಲ್ಲಾಡುತ್ತದೆ. ತೊಲೆಗೆ, ಅಂದರೆ ಬೀಮಿಗೆ, ಮತ್ತು ಕಂಬದ ಪಕ್ಕಕ್ಕೆ ಯಾವ ಕಾರಣಕ್ಕೂ ತೂತು ಬೇಡ. ಸಾಧ್ಯವಾದರೆ ಸ್ಲ್ಯಾಬಿಗೆ ತೂತೇ ಬೇಡ. ಸಂಕನ್ ಒಳಗೇ ಪೈಪು ಹಾಯಿಸಿ ಪಕ್ಕದ ಹೊರಗೋಡೆಯಿಂದ ಹೊರಗೆ ಬಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಪೈಪು ಕೊಳ್ಳುವಾಗ ಅದರ ಮೇಲೆ ಅಚ್ಚಾದದ್ದನ್ನು ಓದಿ. ಬಚ್ಚಲು, ಕಕ್ಕಸಿನ ನೀರಿಗೆ ಐಎಸ್ 13592 ಅಂತ ಇರಬೇಕು, ಅದರಲ್ಲೂ ಟೈಪ್ ಬಿ. ಟೈಪ್ ಎ ತೆಳ್ಳಗಿನದು, ಅದು ಮಳೆನೀರಿಗೆ ಮತ್ತು ಗಾಳಿ ಪೈಪಿಗೆ. ನೋಡಲು ಎರಡೂ ಒಂದೇ, ಬೆಲೆಯಲ್ಲಿ ಮಾತ್ರ ವ್ಯತ್ಯಾಸ, ಹಾಗಾಗಿ ಬದಲಾಗಿ ಬರುವುದು ಸುಲಭ. ಕಮೋಡಿಗೆ 110 ಎಂಎಂ, ಸ್ನಾನದ ನೀರಿಗೆ 75 ಎಂಎಂ. ಕಮೋಡಿನ ಪೈಪಿಗೆ ಮೇಲೆ ತಾರಸಿಯವರೆಗೆ ಒಂದು ಗಾಳಿ ಪೈಪು ಇರಲೇಬೇಕು. ಅದಿಲ್ಲದಿದ್ದರೆ ಫ್ಲಶ್ ಮಾಡಿದಾಗಲೆಲ್ಲ ಪೈಪು ಗಾಳಿಗಾಗಿ ನೆಲದ ಟ್ರ್ಯಾಪಿನ ನೀರನ್ನೇ ಎಳೆದುಕೊಳ್ಳುತ್ತದೆ. ಟ್ರ್ಯಾಪಿನಲ್ಲಿ ಸದಾ 50 ಎಂಎಂ ನೀರು ನಿಂತಿರಬೇಕು, ಗುಂಡಿಯ ವಾಸನೆ ಒಳಗೆ ಬಾರದಂತೆ ಅದೇ ಮುಚ್ಚಿದ ಬಾಗಿಲು. ನಿಮ್ಮ ಕೆಳಗಿನ ಬಾತ್‌ರೂಮಿನ ವಾಸನೆಗೂ ಇದೇ ಕಾರಣ ಇರಬಹುದು. ಪೈಪು ಬದಲಿಸುವ ಮೊದಲು ಮಾಡಿನ ಮೇಲೆ ಗಾಳಿ ಪೈಪು ಇದೆಯಾ, ಅದರ ಬಾಯಿ ಹಕ್ಕಿಗೂಡಿನಿಂದ ಮುಚ್ಚಿದೆಯಾ ನೋಡಿ. ಹೋಮ್‌ಸ್ಟೇ ಇಟ್ಟವರ ಮನೆಯಲ್ಲಿ ಅತಿಥಿಗಳು ಬರದ ತಿಂಗಳಲ್ಲಿ ಟ್ರ್ಯಾಪು ಒಣಗಿಯೇ ವಾಸನೆ ಬರುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿದರೆ ಸಾಕು.

ಈಗ ನೀರು ತಡೆಯುವ ಕೆಲಸ. ಸಂಕನ್ ತಳ ಮತ್ತು ಗೋಡೆ ಸೇರುವ ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿಸಿ. ಚೂಪು ಮೂಲೆಯಲ್ಲೇ ಕೋಟ್ ಬಿರಿಯುವುದು. ಪೈಪು ಗೋಡೆ ತೂರುವ ಕಡೆ ಕುಗ್ಗದ ಗ್ರೌಟ್ ತುಂಬಿಸಿ. ಆಮೇಲೆ ಸಿಮೆಂಟ್ ಪಾಲಿಮರ್ ಕೋಟ್ ಎರಡು ಸಲ, ಒಂದು ಅಡ್ಡ, ಒಂದು ಉದ್ದ. ಮುಗಿಸುವ ನೆಲಕ್ಕಿಂತ ಒಂದು ಅಡಿ ಮೇಲಿನವರೆಗೂ ಗೋಡೆಗೆ ಬರಬೇಕು. ಶವರ್ ಇರುವ ಗೋಡೆಗೆ ಆರೇಳು ಅಡಿ. ಕೋಟ್ ಒಣಗಿದ ಮೇಲೆ ಸಂಕನ್‌ನಲ್ಲಿ ನಾಲ್ಕು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿ, ಎರಡು ದಿನ ಬಿಡಿ. ಈ ಎರಡು ದಿನ ಕಾಯಲು ಯಾರಿಗೂ ಮನಸ್ಸಿರುವುದಿಲ್ಲ. ಕೆಲಸದವರಿಗೆ ಮುಂದಿನ ಮನೆ ಇರುತ್ತದೆ, ನಿಮಗೆ ಬಾತ್‌ರೂಮ್ ಬೇಕಾಗಿರುತ್ತದೆ. ಆದರೂ ಕಾಯಿರಿ. ಇಡೀ ಖರ್ಚಿನಲ್ಲಿ ಕಾಸಿಲ್ಲದೆ ಸಿಗುವ ಗ್ಯಾರಂಟಿ ಇದೊಂದೇ.

ತುಂಬುವಾಗ ಒಡೆದ ಹಳೇ ಟೈಲ್ಸ್, ಮಣ್ಣು, ಗಾರೆಯ ಕಸ ಒಳಗೆ ಹಾಕಲು ಬಿಡಬೇಡಿ. ಟೈಲ್ಸಿನ ಚೂಪು ಅಂಚು ಹೊಸ ಕೋಟನ್ನು ಕೊಯ್ಯುತ್ತದೆ. ನನಗೆ ಇಷ್ಟವಾದ ವಿಧಾನ ತುಂಬದೇ ಇರುವುದು: ಒಳಗೆ ಸಣ್ಣ ಇಟ್ಟಿಗೆ ಕಟ್ಟೆಗಳನ್ನು ಕಟ್ಟಿ, ಮೇಲೆ ಕಡಪ ಕಲ್ಲು ಹಾಸಿ, ಅದರ ಮೇಲೆ ಕಾಂಕ್ರೀಟ್ ಮತ್ತು ಟೈಲ್ಸ್. ಭಾರ ಕಡಿಮೆ, ನೀರು ಹಿಡಿದಿಟ್ಟುಕೊಳ್ಳುವ ವಸ್ತುವೇ ಇಲ್ಲ. ಜೊತೆಗೆ ಸಂಕನ್ ತಳದಿಂದ ಹೊರಗೋಡೆಗೆ ಒಂದು ಇಂಚಿನ ಸಣ್ಣ ಪೈಪು ಬಿಡಿಸಿ. ಮುಂದೆಂದಾದರೂ ಒಳಗೆ ನೀರು ಸೇರಿದರೆ ಅದು ಸೀಲಿಂಗಿಗೆ ಬರುವ ಬದಲು ಹೊರಗೆ ತೊಟ್ಟಿಕ್ಕುತ್ತದೆ, ನಿಮಗೆ ಕಾಣುತ್ತದೆ. ಮೇಲಿನ ಕಾಂಕ್ರೀಟಿಗೂ ಇನ್ನೊಂದು ಸುತ್ತು ಕೋಟ್ ಕೊಟ್ಟೇ ಟೈಲ್ಸ್ ಹಾಕಿಸಿ.

ಕಮೋಡ್, ನಲ್ಲಿ ಮೊದಲು ಆರಿಸಿ, ಆಮೇಲೆ ಪೈಪು

ಪೈಪೆಲ್ಲ ಹಾಕಿಸಿ, ಟೈಲ್ಸ್ ಮುಗಿಸಿ, ಕೊನೆಗೆ ಅಂಗಡಿಗೆ ಹೋಗಿ ಕಮೋಡ್ ಆರಿಸುವುದು ನಮ್ಮ ರೂಢಿ. ಅದು ಉಲ್ಟಾ ಆಗಬೇಕು. ನೆಲಕ್ಕೆ ಇಳಿಯುವ ಎಸ್ ಟ್ರ್ಯಾಪ್ ಕಮೋಡಿನಲ್ಲಿ ಗೋಡೆಯಿಂದ ತೂತಿನ ಮಧ್ಯಕ್ಕೆ ಕೆಲವದಕ್ಕೆ 9 ಇಂಚು, ಕೆಲವದಕ್ಕೆ 12 ಇಂಚು ಬೇಕು. ಈ ಅಳತೆ ಟೈಲ್ಸ್ ಹಾಕಿದ ಮೇಲಿನ ಗೋಡೆಯಿಂದ. ಟೈಲ್ಸ್ ಮತ್ತು ಗಾರೆ ಸೇರಿ ಒಂದು ಇಂಚಿಗಿಂತ ಜಾಸ್ತಿ ತಿನ್ನುತ್ತದೆ, ಅದನ್ನು ಸೇರಿಸದೆ ಪೈಪು ಕೂರಿಸಿದರೆ ಕಮೋಡ್ ಗೋಡೆಗೆ ತಾಗುತ್ತದೆ. ಹಳೇ ಇಂಡಿಯನ್ ಪ್ಯಾನಿನ ತೂತು ಕಮೋಡಿಗೆ ಸರಿಹೋಗುವ ಜಾಗದಲ್ಲಿ ಇರುವುದು ಅಪರೂಪ. ತೂತು ಹೊಂದದಿದ್ದಾಗ ಬಾಗಿಸಿದ ಕನೆಕ್ಟರ್ ಹಾಕಿ ಸರಿಮಾಡುತ್ತೇವೆ ಅನ್ನುವವರಿದ್ದಾರೆ. ಅಲ್ಲೇ ಮುಂದೆ ಕಟ್ಟಿಕೊಳ್ಳುತ್ತದೆ, ಬೇಡ ಅನ್ನಿ.

ಗೋಡೆಗೆ ತೂಗುಹಾಕುವ ಕಮೋಡ್ ಚೆಂದ, ನೆಲ ತೊಳೆಯಲು ಸುಲಭ. ಆದರೆ ಅದರ ಭಾರ, ಕೂತವರ ಭಾರ ಎಲ್ಲ ಗೋಡೆಗೆ ಬೀಳುತ್ತದೆ. ನಾಲ್ಕು ಇಂಚಿನ ಗೋಡೆಗೆ ನೇರವಾಗಿ ಬೋಲ್ಟ್ ಹಾಕಬಾರದು, ನೆಲಕ್ಕೆ ನಿಲ್ಲುವ ಕಬ್ಬಿಣದ ಫ್ರೇಮ್ ಬೇಕು. ಗೋಡೆಯೊಳಗೆ ಮುಚ್ಚಿಡುವ ಫ್ಲಶ್ ಟ್ಯಾಂಕ್ ಕೆಟ್ಟರೆ ಬಿಡಿಭಾಗ ನಿಮ್ಮ ಊರಿನ ಅಂಗಡಿಯಲ್ಲಿ ಸಿಗುತ್ತದಾ, ಮೊದಲೇ ಕೇಳಿ. ಮಳೆಗಾಲದಲ್ಲಿ ಒಂದು ವಾಷರಿಗಾಗಿ ಮೈಸೂರಿಗೆ ಹೋಗುವುದು ಬೇಡ. ಮನೆಯಲ್ಲಿ ವಯಸ್ಸಾದವರಿದ್ದರೆ ಕಮೋಡಿನ ಪಕ್ಕ, ಸ್ನಾನದ ಜಾಗದ ಪಕ್ಕ ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಹಾಕಿಸಿ. ಅದರ ಬೋಲ್ಟಿನ ಜಾಗ ಗೋಡೆಗೆ ಕೋಟ್ ಕೊಡುವ ಮೊದಲೇ ನಿಗದಿಯಾಗಬೇಕು.

ನಲ್ಲಿ ನೀರಿನ ಪೈಪು ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಆಗಿದ್ದರೆ, ಗೋಡೆ ಬಿಚ್ಚಿದಾಗಲೇ ಸಿಪಿವಿಸಿಗೆ, ಅಂದರೆ ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪಿಗೆ, ಬದಲಿಸಿ. ಹಳೇ ಜಿಐ ಪೈಪಿನ ಒಳಗೆ ತುಕ್ಕು ಕಟ್ಟಿ ಪೆನ್ಸಿಲ್ ತೂರುವಷ್ಟೇ ದಾರಿ ಉಳಿದಿರುತ್ತದೆ. ನಮ್ಮ ಕಡೆ ಇನ್ನೂ ಸೌದೆ ಒಲೆಯ ಹಂಡೆ, ಬಾಯ್ಲರ್ ಬಿಟ್ಟಿಲ್ಲ, ಬಿಡುವುದೂ ಬೇಡ. ಅದರಿಂದ ಬರುವ ನೀರು ಕುದಿಯುವ ಹತ್ತಿರ ಇರಬಹುದು. ಹಾಗಾಗಿ ಬಾಯ್ಲರಿನಿಂದ ಮೊದಲ ನಾಲ್ಕೈದು ಅಡಿ ಲೋಹದ ಪೈಪೇ ಇರಲಿ, ಆಮೇಲೆ ಸಿಪಿವಿಸಿ. ಮಾಮೂಲಿ ಬಿಳಿ ಪಿವಿಸಿ ಬಿಸಿನೀರಿಗೆ ಆಗುವುದೇ ಇಲ್ಲ. ಗೋಡೆ ಮುಚ್ಚುವ ಮೊದಲು ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸಿ.

ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದು ಬಕೆಟಿನಲ್ಲಿ ಕೆಂಪು ಕಲೆ ಬೀಳುತ್ತಿದ್ದರೆ ಸಣ್ಣ ತೂತಿನ ದುಬಾರಿ ಶವರ್ ಬೇಡ, ತೂತು ಕಟ್ಟುತ್ತದೆ. ಗೋಡೆಯೊಳಗೆ ಹೂತುಹೋಗುವ ಡೈವರ್ಟರ್ ಬದಲು ಹೊರಗೆ ಕಾಣುವ ವಾಲ್ ಮಿಕ್ಸರ್ ಹಾಕಿಸಿ, ಬಿಚ್ಚಿ ತೊಳೆಯಬಹುದು. ಟ್ಯಾಂಕ್ ಬಾತ್‌ರೂಮಿಗಿಂತ ಸ್ವಲ್ಪವೇ ಎತ್ತರದಲ್ಲಿದ್ದರೆ ಒತ್ತಡ ಸಾಲದು, ಫ್ಲಶ್ ವಾಲ್ವ್ ಬೇಡ, ಫ್ಲಶ್ ಟ್ಯಾಂಕೇ ಸರಿ. ಪ್ರತಿ ನಲ್ಲಿಗೂ ಆಂಗಲ್ ಕಾಕ್, ಅಂದರೆ ಅದೊಂದರ ನೀರು ಮಾತ್ರ ನಿಲ್ಲಿಸುವ ಸಣ್ಣ ವಾಲ್ವ್, ಇರಲಿ, ಒಂದು ಕೆಟ್ಟರೆ ಇಡೀ ಮನೆಯ ನೀರು ನಿಲ್ಲಿಸಬೇಕಾಗಿಲ್ಲ.

ಯಾವಾಗ ಮಾಡಿಸಬೇಕು?

ಫೆಬ್ರವರಿಯಿಂದ ಮೇ ಮಧ್ಯದೊಳಗೆ. ಜೂನ್ ಬಂದರೆ ಗಾರೆ ಒಣಗುವುದಿಲ್ಲ, ಕೋಟ್ ಹಿಡಿಯುವುದಿಲ್ಲ, ಹೊರಗೆ ಅಗೆದ ಗುಂಡಿ ತುಂಬಿ ಬರೆಯೇ ಜಾರಬಹುದು. ನಡುವೆ ಕಾಫಿ ಹೂ ಅರಳಿಸುವ ಒಂದೆರಡು ಹೂಮಳೆ ಬಂದರೆ ತೊಂದರೆ ಇಲ್ಲ. ರೋಬಸ್ಟಾ ಕಾಫಿ ಕೊಯ್ಲು ಮುಗಿಯುವ ತನಕ ಸಹಾಯಕರು ಸಿಗುವುದು ಕಷ್ಟ, ಹಾಗಾಗಿ ಮಾರ್ಚ್ ಕೊನೆ, ಏಪ್ರಿಲ್ ನಿಮಗೆ ಸರಿಯಾದ ಕಾಲ. ಎರಡೂ ಬಾತ್‌ರೂಮನ್ನು ಒಟ್ಟಿಗೆ ಬಿಚ್ಚಬೇಡಿ. ಕೆಳಗಿನದು ಬೇಗ ಮುಗಿಯುತ್ತದೆ, ಅದನ್ನು ಮೊದಲು ಮಾಡಿಸಿ ಬಳಸುತ್ತಾ ಮೇಲಿನದಕ್ಕೆ ಕೈ ಹಾಕಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಪೈಪು ಕಟ್ಟಿದೆ ಅಂತ ಯಾರನ್ನೂ ಸೆಪ್ಟಿಕ್ ಟ್ಯಾಂಕಿನೊಳಗೆ ಇಳಿಸಬೇಡಿ. ಒಳಗಿನ ವಿಷಗಾಳಿ ಎರಡೇ ಉಸಿರಿಗೆ ಜ್ಞಾನ ತಪ್ಪಿಸುತ್ತದೆ. ಎತ್ತಲು ಇಳಿದವರೂ ಸಾಯುತ್ತಾರೆ. ಸುರಕ್ಷತಾ ಸಾಧನ ಇಲ್ಲದೆ ಹಾಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯಿದೆ ಪ್ರಕಾರ ಅಪರಾಧವೂ ಹೌದು. ಹೀರುವ ಯಂತ್ರದ ಗಾಡಿ ಕರೆಸಿ. ಪೈಪಿಗೆ ಆ್ಯಸಿಡ್ ಸುರಿಯುವುದೂ ಬೇಡ. ಅದು ಟೈಲ್ಸ್ ಸಂದಿಯ ಸಿಮೆಂಟ್ ತಿನ್ನುತ್ತದೆ, ಸೆಪ್ಟಿಕ್ ಟ್ಯಾಂಕಿನಲ್ಲಿ ಕೊಳೆ ಕರಗಿಸುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಕೆಳಗಿನ ಹಳೇ ಪೈಪು ಆಸ್ಬೆಸ್ಟಾಸ್ ಸಿಮೆಂಟಿನದಾಗಿದ್ದರೆ ಒಣದಾಗಿ ಕೊಯ್ಯಲು ಬಿಡಬೇಡಿ. ಚೆನ್ನಾಗಿ ನೆನೆಸಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿಸಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಇನ್ನೂ ಒಳ್ಳೆಯದೆಂದರೆ ಅದನ್ನು ಕೊಯ್ಯದೆ ಮಣ್ಣಿನಲ್ಲೇ ಬಿಟ್ಟು, ತುದಿ ಮುಚ್ಚುವುದು.

ಮೇಸ್ತ್ರಿಯ ಜೊತೆ ಮಾತಾಡುವಾಗ ಒಟ್ಟು ಮೊತ್ತಕ್ಕೆ ಒಪ್ಪಬೇಡಿ. ಒಡೆಯುವುದು, ಕಸ ಸಾಗಿಸುವುದು, ಪೈಪು, ಕೋಟ್, ಟೈಲ್ಸ್, ಫಿಟ್ಟಿಂಗ್ ಅಂತ ಬಿಡಿಬಿಡಿಯಾಗಿ ಬರೆಸಿ. ಇಳಿಜಾರಿನ ಮನೆಯಲ್ಲಿ ಕಸ ಹೊತ್ತು ರಸ್ತೆಗೆ ತರುವುದೇ ದೊಡ್ಡ ಖರ್ಚು, ಅದನ್ನು ಮೊದಲು ಮಾತಾಡದಿದ್ದರೆ ಕೊನೆಗೆ ಜಗಳ. ಕೋಟಿನ ಹಣವನ್ನು ನೀರು ನಿಲ್ಲಿಸಿದ ಪರೀಕ್ಷೆ ಆದ ಮೇಲೆ ಕೊಡುತ್ತೇನೆ ಅಂತ ಮೊದಲೇ ಹೇಳಿಬಿಡಿ.

ಟೈಲ್ಸ್ ಹಾಕುವ ಮೊದಲು ನೆಲದ, ಗೋಡೆಯ ಪೈಪುಗಳ ಮೇಲೆ ಟೇಪು ಹಿಡಿದು ಫೋಟೋ ತೆಗೆದಿಡಿ. ಮುಂದೆ ಟವೆಲ್ ಕಂಬಿಗೆ ತೂತು ಕೊರೆಯುವವನು ಪೈಪಿಗೇ ಕೊರೆಯದಿರಲು ಅದು ಬೇಕು. ಬಾತ್‌ರೂಮಿನ ನೆಲ ಹೊರಗಿನ ಕೋಣೆಗಿಂತ ಒಂದು ಇಂಚು ತಗ್ಗಿರಲಿ, ಟ್ರ್ಯಾಪಿನ ಕಡೆಗೆ ಮೀಟರಿಗೆ ಒಂದೂಕಾಲು ಸೆಂಟಿಮೀಟರ್ ವಾಟ ಇರಲಿ. ಟೈಲ್ಸ್ ಕೂರಿಸುವಾಗಲೇ ಒಂದು ಚೊಂಬು ನೀರು ಚೆಲ್ಲಿ ನೋಡಿದರೆ ಗೊತ್ತಾಗುತ್ತದೆ. ಕಮೋಡ್ ಕೂರಿಸಿದ ದಿನ ಬಳಸಬೇಡಿ, ಮಾರನೇ ದಿನ ಬಳಸಿ. ಕೆಳಗಿನ ಸೀಲಿಂಗಿಗೆ ಮಾತ್ರ ಆತುರದಲ್ಲಿ ಪೈಂಟ್ ಹೊಡೆಸಬೇಡಿ. ಕಾಂಕ್ರೀಟ್ ಕುಡಿದ ನೀರು ಆರಲು ವಾರಗಳು ಬೇಕು. ಏಪ್ರಿಲ್‌ನಲ್ಲಿ ಕೆಲಸ ಮುಗಿದರೆ ಕಲೆ ಹಾಗೇ ಇರಲಿ ಬಿಡಿ, ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಹಾಕಿ. ಆ ಮಳೆಗಾಲದಲ್ಲಿ ಕಲೆ ಗೆರೆ ದಾಟದಿದ್ದರೆ, ಮಳೆ ಬಿಟ್ಟು ಗೋಡೆಗಳು ಆರಿದ ಮೇಲೆ ಡಿಸೆಂಬರಿನಲ್ಲಿ ಪೈಂಟ್ ಮಾಡಿಸಿ.